ಬೈಕ್ ಸವಾರಿಗೆ ದೇಹ ತೆರುವ ಬೆಲೆ

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೈಕಿಗೆ ಕಾರಿನಷ್ಟು ಜಾಗ ಬೇಡ, ಪೆಟ್ರೋಲ್ ಖರ್ಚೂ ಕಡಿಮೆ. ಬಸ್ಸು ಬಾರದ ಬಡಾವಣೆಗೂ ಅದು ಹೋಗುತ್ತದೆ. ಹೀಗಾಗಿ ನಗರಕ್ಕೆ ಇದು ಮಿತವ್ಯಯದ ವಾಹನವೆಂಬ ಮಾತು ಸುಳ್ಳಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ: ಸವಾರನ ಆರೋಗ್ಯ.

ಹೊಗೆ ಮಾಡುವ ಹಾನಿ

ಸಿಗ್ನಲ್ಲಿನಲ್ಲಿ ನಿಂತ ಸವಾರನ ಮುಖ ಮುಂದಿನ ವಾಹನದ ಹೊಗೆಗೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಇದು ಹೆಚ್ಚಾದರೆ ತಲೆನೋವು, ತಲೆಸುತ್ತು ಬರುತ್ತವೆ. ಹೊಗೆಯಲ್ಲಿರುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕವು. ಅವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವುಗಳಿಂದ ಉಬ್ಬಸ ಮಾತ್ರವಲ್ಲ, ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ.

ಹಿಂದೆ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುತ್ತಿತ್ತು. ಉರಿಯದೆ ಉಳಿದ ಇಂಧನ ನೀಲಿ ಹೊಗೆಯೊಡನೆ ಹೊರಬೀಳುತ್ತಿತ್ತು. ಫೋರ್ ಸ್ಟ್ರೋಕ್ ಎಂಜಿನ್‌ಗಳು ಬಂದವು, 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು, 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾಯಿತು. ಒಂದೊಂದು ಬೈಕಿನ ಹೊಗೆ ತಗ್ಗಿತು, ಆದರೆ ಬೈಕುಗಳ ಸಂಖ್ಯೆ ಏರುತ್ತಲೇ ಹೋಯಿತು. ವಿದ್ಯುತ್ ಸ್ಕೂಟರ್‌ಗೆ ಹೊಗೆಕೊಳವೆ ಇಲ್ಲವಾದರೂ, ಬಿದ್ದರೆ ಆಗುವ ಪೆಟ್ಟು ಅದೇ.

ತಲೆಯ ರಕ್ಷಣೆ

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲ್ ಪದರ ತಾನು ಜಜ್ಜಿಹೋಗಿ ಹೊಡೆತದ ಬಲವನ್ನು ಹೀರಿಕೊಳ್ಳುತ್ತದೆ. ಇದರಿಂದ ತಲೆಗೆ ಗಾಯವಾಗುವ ಅಪಾಯ ಸುಮಾರು ಶೇ. 69ರಷ್ಟು, ಸಾವಿನ ಅಪಾಯ ಶೇ. 42ರಷ್ಟು ತಗ್ಗುತ್ತದೆ. ಗದ್ದದ ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದಾಗ ಹಾರಿಹೋಗುತ್ತದೆ. ಅದನ್ನು ಹಾಕಿಯೂ ಪ್ರಯೋಜನವಿಲ್ಲ.

ನೀವು ಏನು ಮಾಡಬಹುದು?

1. ಐಎಸ್ಐ ಗುರುತಿನ ಹೆಲ್ಮೆಟ್ ಕೊಳ್ಳಿ. ಅಪಘಾತದಲ್ಲಿ ಪೆಟ್ಟು ತಿಂದದ್ದನ್ನು ಮತ್ತೆ ಬಳಸಬೇಡಿ.

2. ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಹೆಲ್ಮೆಟ್ ಜೊತೆ ಸುರಕ್ಷಾ ಪಟ್ಟಿ ಹಾಕಿ. ಮಗು ಜೊತೆಗಿದ್ದಾಗ ವೇಗ ಗಂಟೆಗೆ 40 ಕಿ.ಮೀ. ದಾಟಬಾರದೆಂದು ನಿಯಮವಿದೆ.

3. ಮುಖಕ್ಕೆ ಕಟ್ಟುವ ಕರವಸ್ತ್ರ ಸೂಕ್ಷ್ಮ ಕಣಗಳನ್ನು ತಡೆಯದು. ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮಾಸ್ಕ್ ತಡೆಯುತ್ತದೆ. ಆದರೆ ಅದೂ ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರದು.

4. ಸಿಗ್ನಲ್ಲಿನಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಎಂಜಿನ್ ಆರಿಸಿ. ಲಾರಿ, ಬಸ್ಸುಗಳ ಹಿಂದೆ ಅಂಟಿಕೊಂಡು ನಿಲ್ಲಬೇಡಿ.

5. ಸವಾರಿಯ ನಂತರ ಪದೇ ಪದೇ ಕೆಮ್ಮು, ಉಬ್ಬಸ, ಎದೆ ಬಿಗಿತ ಕಂಡರೆ ವೈದ್ಯರನ್ನು ಕಾಣಿ.

6. ದೂರದ ದಾರಿಗೆ ಬೈಕನ್ನು ಮೆಟ್ರೋ ಅಥವಾ ಬಸ್ ನಿಲ್ದಾಣದವರೆಗೆ ಮಾತ್ರ ಬಳಸಿ.

ಈ ಕೊನೆಯ ಸಲಹೆ ನಿಮ್ಮೊಬ್ಬರಿಂದ ಆಗುವಂಥದ್ದಲ್ಲ. ನಿಲ್ದಾಣದ ಬಳಿ ಕಡಿಮೆ ದರದಲ್ಲಿ ಬೈಕ್ ನಿಲ್ಲಿಸಲು ಜಾಗ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ನಡೆಯಲು ಯೋಗ್ಯವಾದ ಕಾಲುದಾರಿ ಇದ್ದರೆ ಜನ ತಾವಾಗಿಯೇ ಸವಾರಿ ಕಡಿಮೆ ಮಾಡುತ್ತಾರೆ. ನಿಮ್ಮ ವಾರ್ಡಿನ ಸಭೆಯಲ್ಲಿ ಈ ಮೂರನ್ನೂ ಕೇಳಿ. ಅವು ಆರೋಗ್ಯದ ಬೇಡಿಕೆಗಳೂ ಹೌದು.