ಸೈಕಲ್ ದಾರಿಗೆ ದುಡ್ಡು ಎಲ್ಲಿಂದ ಬರುತ್ತೆ?

ಅಮೆರಿಕಕ್ಕೆ ಓದೋಕೆ ಬಂದ ನಮ್ಮಲ್ಲಿ ಅನೇಕರು ಮೊದಲ ಸೆಮಿಸ್ಟರ್‌ನಲ್ಲೇ ಒಂದು ಹಳೇ ಸೈಕಲ್ ಕೊಳ್ತೀವಿ. ಕ್ಯಾಂಪಸ್ ಒಳಗೆ ದಾರಿ ಚೆನ್ನಾಗಿರುತ್ತೆ. ಹೊರಗೆ ಬಂದು ಅಪಾರ್ಟ್‌ಮೆಂಟ್ ಕಡೆ ತಿರುಗಿದರೆ ಸೈಕಲ್ ಪಟ್ಟಿ ದಿಢೀರ್ ಅಂತ ಮುಗಿದುಹೋಗಿ, ಪಕ್ಕದಲ್ಲೇ ಪಿಕಪ್ ಟ್ರಕ್‌ಗಳು ಓಡುತ್ತಿರುತ್ತವೆ. ಯಾಕೆ ಇಲ್ಲಿಗೇ ನಿಂತಿತು ಅಂತ ಕೇಳಿದರೆ ಸಿಗುವ ಉತ್ತರ ‘ದುಡ್ಡಿಲ್ಲ’. ಇದು ಅರ್ಧ ನಿಜ ಮಾತ್ರ.

ಮೊದಲು ಕೇಂದ್ರ ಸರ್ಕಾರದ ಹಣ ನೋಡೋಣ. 1991ರ ಸಾರಿಗೆ ಕಾನೂನು (ಅದರ ಮೊದಲಕ್ಷರಗಳನ್ನು ಸೇರಿಸಿ ಇಲ್ಲಿಯವರು ‘ಐಸ್ ಟೀ’ ಅಂತಲೇ ಓದ್ತಾರೆ) ರಸ್ತೆ ಅನುದಾನದ ಒಂದು ಮುಖ್ಯ ಬಾಬ್ತಿನಲ್ಲಿ ಶೇ. 10ರಷ್ಟನ್ನು ಸೈಕಲ್, ಕಾಲುದಾರಿಯಂಥ ಕೆಲಸಗಳಿಗೆ ಎತ್ತಿಟ್ಟಿತು. ಹೆಸರು ಹಲವು ಸಲ ಬದಲಾಗಿ ಈಗ ಅದು ‘ಟ್ರಾನ್ಸ್‌ಪೋರ್ಟೇಶನ್ ಆಲ್ಟರ್ನೇಟಿವ್ಸ್’. 2021ರ ಕಾನೂನಿನ ಪ್ರಕಾರ ಇದರಲ್ಲಿ ಶೇ. 59ರಷ್ಟನ್ನು ಜನಸಂಖ್ಯೆ ನೋಡಿ ಪ್ರದೇಶಗಳಿಗೆ ಹಂಚಬೇಕು. ಉಳಿದದ್ದು ರಾಜ್ಯದ ಕೈಯಲ್ಲಿ. ಕೆಲವು ಷರತ್ತು ಪೂರೈಸಿದರೆ ರಾಜ್ಯ ಅದನ್ನು ಬೇರೆ ರಸ್ತೆ ಕೆಲಸಕ್ಕೂ ವರ್ಗಾಯಿಸಿಕೊಳ್ಳಬಹುದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಇಲ್ಲಿಗೂ ಸಲ್ಲುತ್ತೆ.

ಪೂಜಾರಿ ಕೊಟ್ಟ ಅಂತಲೇ ಇಟ್ಟುಕೊಳ್ಳಿ. ಈ ಹಣ ಸಾಮಾನ್ಯವಾಗಿ 80-20ರ ಲೆಕ್ಕ. ಹತ್ತು ಲಕ್ಷ ಡಾಲರ್ ಯೋಜನೆಗೆ ಎಂಟು ಲಕ್ಷ ಕೇಂದ್ರದ್ದು, ಎರಡು ಲಕ್ಷ ಊರಿನದು. ಅದಕ್ಕಿಂತ ದೊಡ್ಡ ತೊಡಕು ಅಂದ್ರೆ ಆ ಎಂಟು ಲಕ್ಷವೂ ಮುಂಗಡ ಬರೋದಿಲ್ಲ. ನಗರಸಭೆ ಮೊದಲು ಗುತ್ತಿಗೆದಾರರಿಗೆ ಕೊಟ್ಟು, ಬಿಲ್ ಸಲ್ಲಿಸಿ, ಆಮೇಲೆ ವಾಪಸ್ ಪಡೆಯಬೇಕು. ಪರಿಸರ ಪರಿಶೀಲನೆ, ಜಾಗದ ದಾಖಲೆ, ಟೆಂಡರ್ ನಿಯಮ ಯಾವುದೂ ತಪ್ಪೋದಿಲ್ಲ. ಒಂದು ಮೈಲಿ ಸೈಕಲ್ ದಾರಿ ಅರ್ಜಿಯಿಂದ ಡಾಂಬರಿನವರೆಗೆ ಬರೋಷ್ಟರಲ್ಲಿ ವರ್ಷಗಳೇ ಹಿಡಿಯುತ್ತವೆ. ಎರಡು ವರ್ಷದ ಮಾಸ್ಟರ್ಸ್‌ಗೆ ಬಂದವರು ಅದರ ಮೇಲೆ ಓಡಾಡೋದು ಅನುಮಾನ.

ಹಾಗಾದ್ರೆ ನಮ್ಮ ಕಾಲದಲ್ಲೇ ಆಗುವಂಥದ್ದು ಏನಿದೆ? ರಸ್ತೆಗೆ ಮರುಡಾಂಬರು ಹಾಕುವ ಪಟ್ಟಿ. ನನ್ನ ಪ್ರಕಾರ ಸೈಕಲ್ ದಾರಿಯ ನಿಜವಾದ ಖಜಾನೆ ಇದೇ. ನಗರಸಭೆಯವರು ಹೇಗೂ ರಸ್ತೆ ಕೆರೆದು, ಹೊಸ ಡಾಂಬರು ಹಾಕಿ, ಗೆರೆಗಳನ್ನು ಹೊಸದಾಗಿ ಎಳೀತಾರೆ. ಹಳೇ ಗೆರೆಯನ್ನೇ ಎಳೆದರೂ ಬಣ್ಣ ಬೇಕು, ಬೇರೆ ಕಡೆ ಎಳೆದರೂ ಬಣ್ಣ ಬೇಕು. ಹೆಚ್ಚುವರಿ ಖರ್ಚು ತೀರಾ ಕಮ್ಮಿ. ಕೇಂದ್ರದ ಹೆದ್ದಾರಿ ಇಲಾಖೆಯೇ 2016ರಲ್ಲಿ ಈ ಬಗ್ಗೆ ಒಂದು ಕೈಪಿಡಿ ಹೊರತಂದಿದೆ.

ಲೆಕ್ಕ ಹಾಕಿ ನೋಡಿ. ತಲಾ 11 ಅಡಿಯ ನಾಲ್ಕು ಲೇನ್ ಇರುವ ರಸ್ತೆಯ ಅಗಲ 44 ಅಡಿ. ಅದನ್ನು ಹೋಗೋಕೆ ಒಂದು, ಬರೋಕೆ ಒಂದು, ನಡುವೆ ಎಡಕ್ಕೆ ತಿರುಗೋಕೆ ಒಂದು ಅಂತ ಮೂರು ಮಾಡಿದರೆ 33 ಅಡಿ. ಉಳಿದ 11 ಅಡಿಯಲ್ಲಿ ಎರಡೂ ಬದಿಗೆ ಐದೂವರೆ ಅಡಿಯ ಸೈಕಲ್ ಪಟ್ಟಿ ಬಂತು. ಒಂದಿಂಚು ಜಾಗ ಕೊಳ್ಳಬೇಕಿಲ್ಲ. ಇದನ್ನು ‘ರೋಡ್ ಡಯಟ್’ ಅಂತಾರೆ. ಹೀಗೆ ಬದಲಾಯಿಸಿದ ರಸ್ತೆಗಳಲ್ಲಿ ಒಟ್ಟು ಅಪಘಾತ ಶೇ. 19ರಿಂದ 47ರಷ್ಟು ಇಳಿದಿದೆ ಅನ್ನೋದು ಅದೇ ಇಲಾಖೆಯ ಅಂಕಿ. ಅಂದ್ರೆ ಕಾರಿನವರಿಗೂ ಲಾಭ. ವಾಹನ ದಟ್ಟಣೆ ತುಂಬಾ ಇರುವ ರಸ್ತೆಗೆ ಇದು ಹೊಂದೋದಿಲ್ಲ ಅನ್ನೋದೂ ನೆನಪಿರಲಿ. ಬರೀ ಬಣ್ಣದ ಗೆರೆ ಟ್ರಕ್ಕನ್ನು ತಡೆಯೋದಿಲ್ಲ, ನಡುವೆ ಕಂಬವೋ ಕಟ್ಟೆಯೋ ಇದ್ದರೆ ಇನ್ನೂ ಒಳ್ಳೆಯದು. ಆದರೆ ಏನೂ ಇಲ್ಲದ ಜಾಗದಲ್ಲಿ ಐದೂವರೆ ಅಡಿ ಸಣ್ಣದಲ್ಲ.

ಇದನ್ನು ಕೇಳೋ ಹಕ್ಕು ನಮಗೆಲ್ಲಿದೆ, ಸೈಕಲ್‌ನವರು ರೋಡ್ ಟ್ಯಾಕ್ಸ್ ಕಟ್ತಾರಾ ಅಂತ ಯಾರಾದರೂ ಕೇಳ್ತಾರೆ. ಕೇಂದ್ರದ ಪೆಟ್ರೋಲ್ ತೆರಿಗೆ 1993ರಿಂದ ಗ್ಯಾಲನ್ನಿಗೆ 18.4 ಸೆಂಟ್‌ನಲ್ಲೇ ನಿಂತಿದೆ. ಅದು ಸಾಲದೆ 2008ರಿಂದ ಹೆದ್ದಾರಿ ನಿಧಿಗೆ ಸಾಮಾನ್ಯ ಖಜಾನೆಯಿಂದ ಮತ್ತೆ ಮತ್ತೆ ಹಣ ಸುರಿದಿದ್ದಾರೆ. ಊರೊಳಗಿನ ರಸ್ತೆಗಳಂತೂ ಬಹುಪಾಲು ಆಸ್ತಿ ತೆರಿಗೆ, ಮಾರಾಟ ತೆರಿಗೆಯಂಥ ಸ್ಥಳೀಯ ಹಣದಿಂದ ನಡೆಯುತ್ತವೆ. ನಾವು ಕೊಡೋ ಬಾಡಿಗೆಯಲ್ಲಿ ಮಾಲೀಕರ ಆಸ್ತಿ ತೆರಿಗೆ ಸೇರಿದೆ, ಕೊಳ್ಳೋ ಸಾಮಾನಿನಲ್ಲಿ ಮಾರಾಟ ತೆರಿಗೆ ಸೇರಿದೆ. ಇನ್ನೊಂದು ವಿಷಯ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿರಲ್ಲ. ಹತ್ತು ವರ್ಷಕ್ಕೊಮ್ಮೆ ನಡೆಯೋ ಜನಗಣತಿಯಲ್ಲಿ ಇಲ್ಲಿ ವಾಸಿಸುವ ವಿದೇಶಿ ವಿದ್ಯಾರ್ಥಿಗಳನ್ನೂ ಎಣಿಸುತ್ತಾರೆ. ಆ ಶೇ. 59ರ ಹಂಚಿಕೆಯಲ್ಲಿ ನಮ್ಮ ತಲೆಯೂ ಇದೆ. ವೋಟ್ ಇಲ್ಲ, ಲೆಕ್ಕಕ್ಕಿದ್ದೇವೆ.

ಹಾಗಾಗಿ ಮಾಡಬಹುದಾದ್ದು ಇಷ್ಟು. ನಿಮ್ಮ ಊರಿನ ಲೋಕೋಪಯೋಗಿ ಇಲಾಖೆಯ ವೆಬ್‌ಸೈಟ್‌ನಲ್ಲಿ ಮುಂದಿನ ಬೇಸಿಗೆಯ ಡಾಂಬರು ಪಟ್ಟಿ ಇದೆಯಾ ನೋಡಿ, ಇಲ್ಲದಿದ್ದರೆ ಇಮೇಲ್ ಬರೆದು ಕೇಳಿ. ಚಳಿಗಾಲದಲ್ಲೇ ಕೇಳಬೇಕು, ಗೆರೆಗಳ ನಕ್ಷೆ ಸಿದ್ಧವಾಗಿ ಗುತ್ತಿಗೆ ಕೊಟ್ಟ ಮೇಲೆ ಯಾರೂ ಬದಲಾಯಿಸೋದಿಲ್ಲ. ನಗರಸಭೆಯ ಸಭೆಗಳಲ್ಲಿ ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಮಾತಾಡೋಕೆ ಬಿಡ್ತಾರೆ. ಸೈಕಲ್ ಸಂಸ್ಕೃತಿ, ಹವಾಮಾನ ಅಂತ ಭಾಷಣ ಬೇಡ. ರಸ್ತೆಯ ಹೆಸರು, ಯಾವ ಕ್ರಾಸಿನಿಂದ ಯಾವ ಕ್ರಾಸಿನವರೆಗೆ, ಅಗಲ ಎಷ್ಟು, ಈಗ ಎಷ್ಟು ಲೇನ್ ಅನ್ನೋದನ್ನು ಹೇಳಿ. ಹಾಗೇ ರಸ್ತೆಬದಿ ಚರಂಡಿಯ ಕಬ್ಬಿಣದ ಜಾಲರಿ ನೋಡಿಟ್ಟುಕೊಳ್ಳಿ. ಅದರ ಸರಳುಗಳು ಚಕ್ರದ ದಿಕ್ಕಿನಲ್ಲೇ ಇದ್ದರೆ ಟೈರ್ ಸಿಕ್ಕಿಕೊಳ್ಳುತ್ತೆ. ಡಾಂಬರು ಹಾಕುವಾಗಲೇ ಅದನ್ನೂ ಬದಲಾಯಿಸಿ ಅಂತ ಸೇರಿಸಿ ಕೇಳಿ.