ಕಾರಿನ ಬಣ್ಣಕ್ಕೆ ಮೆತ್ತಿದ ಅಂಟು

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿಗಳಲ್ಲಿ ತುಮಕೂರು ಹೆದ್ದಾರಿಯಲ್ಲಿ ಪಯಣಿಸಿ ಮಾದನಾಯಕನಹಳ್ಳಿಗೆ ಹಿಂದಿರುಗುವವರ ಕಾರಿನ ಮುಂಭಾಗಕ್ಕೆ ಈಚಲು ಹುಳುಗಳ ಅವಶೇಷ ಮೆತ್ತಿಕೊಂಡಿರುತ್ತದೆ; ಮಾವು ಹೂಬಿಟ್ಟ ಕಾಲದಲ್ಲಿಯಾದರೋ, ಮರದಡಿ ನಿಲ್ಲಿಸಿದ ವಾಹನದ ಮೇಲೆ ಜಿಗಿಹುಳುಗಳು ಸ್ರವಿಸುವ ಅಂಟುದ್ರವ ಹನಿಹನಿಯಾಗಿ ಬಿದ್ದು ಒಣಗುತ್ತದೆ. ಇದನ್ನು ಕಂಡೊಡನೆ ಒಣಬಟ್ಟೆಯಿಂದಲೋ ಉಗುರಿನಿಂದಲೋ ಉಜ್ಜತೊಡಗುವುದೇ ಬಹುಮಂದಿ ಎಸಗುವ ಪ್ರಮಾದ. ಲಾರಿಗಳ ಚಕ್ರಗಳು ಎಬ್ಬಿಸಿದ ಮರಳಿನ ಸೂಕ್ಷ್ಮ ಕಣಗಳು ಆ ಅಂಟಿನಲ್ಲಿಯೇ ಸಿಲುಕಿರುವುದರಿಂದ, ಉಜ್ಜಿದಷ್ಟೂ ಬಣ್ಣದ ಮೇಲಣ ಪಾರದರ್ಶಕ ಲೇಪದಲ್ಲಿ ಗೀರುಗಳು ಮೂಡುತ್ತವೆ. ಹಾಗೆಂದು ವಾರಗಟ್ಟಲೆ ಬಿಸಿಲಿಗೆ ಬಿಟ್ಟಿರೋ, ಹುಳುಗಳ ದೇಹದ ಆಮ್ಲಾಂಶ ಆ ಲೇಪವನ್ನೇ ಕೊರೆಯುತ್ತದೆ.

ಮರುದಿನ ಮುಂಜಾನೆಯೇ, ಬಿಸಿಲೇರುವ ಮುನ್ನ, ತಗಡು ತಣ್ಣಗಿರುವಾಗ ಒದ್ದೆ ಬಟ್ಟೆಯನ್ನು ಕಲೆಯ ಮೇಲೆ ಹತ್ತು ನಿಮಿಷ ಹಾಸಿಬಿಡಿ. ಅವಸರ ಬೇಡ, ಮಿತ್ರರೇ. ಕಲೆ ನೆನೆದು ಸಡಿಲವಾದ ತರುವಾಯ ಕಾರು ತೊಳೆಯುವ ಶಾಂಪೂ ಬೆರೆಸಿದ ನೀರಿನಿಂದ ಮೃದುವಾಗಿ ಒರೆಸಿದರೆ ಸಾಕು. ಪಾತ್ರೆ ತಿಕ್ಕುವ ಪುಡಿ, ನಾರು, ಥಿನ್ನರ್ ಇವುಗಳ ಗೊಡವೆಗೇ ಹೋಗಬೇಡಿ. ಮರದಿಂದಲೇ ಒಸರಿ ಗಟ್ಟಿಯಾದ ಅಂಟಿಗೆ ಮಾತ್ರ, ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಸೋಕಿಸಿ ಒತ್ತಿ ಹಿಡಿಯಿರಿ. ಅಂಟು ಕರಗಿದೊಡನೆ ನೀರಿನಿಂದ ತೊಳೆದು, ಆ ಭಾಗಕ್ಕೆ ಮೇಣ ಲೇಪಿಸಿರಿ.