ಮುಂಗಡ ಚಂದಾ, ಪರದೇಶದ ಸರ್ವರ್

ಹಣ ತೆತ್ತು ಕೊಳ್ಳುವ ಪದಾರ್ಥಗಳಲ್ಲಿ ಬಹುಪಾಲನ್ನು ಮುಟ್ಟಿಯೋ ತೂಗಿಯೋ ಪರೀಕ್ಷಿಸಬಹುದಷ್ಟೆ. ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಎಂಬ ಸೇವೆಯಾದರೋ, ‘ನಿಮ್ಮ ಜಾಡನ್ನು ನಾವು ದಾಖಲಿಸುವುದಿಲ್ಲ’ ಎಂಬ ಮಾರಾಟಗಾರನ ಮಾತಿನ ಹೊರತು ಬೇರೆ ಪ್ರಮಾಣವನ್ನು ಸಾಮಾನ್ಯವಾಗಿ ಕಣ್ಣಿಗೆ ತೋರದೆ, ಎರಡು ಮೂರು ವರ್ಷಗಳ ಶುಲ್ಕವನ್ನು ಮುಂಗಡವಾಗಿಯೇ ಅಪೇಕ್ಷಿಸುವಂಥದು. ಇಂಥ ವಸ್ತುವಿಗೆ ದೀರ್ಘಾವಧಿಯ ಹಣವನ್ನು ಮೊದಲೇ ಸುರಿಯಬಾರದೆಂಬುದು ನನ್ನ ಪಕ್ಷ.

ಅಮೆರಿಕದಲ್ಲಿರುವ ಮಗನ ಮನೆಗೆ ಹೊರಡುವ ಮುನ್ನ, ಅಲ್ಲಿ ಕುಳಿತು ಕನ್ನಡ ಚಲನಚಿತ್ರಗಳನ್ನು ನೋಡಬೇಕೆಂದೂ, ಪರದೇಶದ ವಿಳಾಸವನ್ನು ಕಂಡೊಡನೆ ಕದವಿಕ್ಕಿಕೊಳ್ಳುವ ಇಲ್ಲಿಯ ಕೆಲವು ಜಾಲತಾಣಗಳನ್ನು ತೆರೆಯಬೇಕೆಂದೂ, ವಿಪಿಎನ್ ಸಂಸ್ಥೆಯೊಂದಕ್ಕೆ ಎರಡು ವರ್ಷದ ಚಂದಾ ಸಲ್ಲಿಸಿದೆನು. ಅದರ ಸರ್ವರುಗಳ ಪಟ್ಟಿಯಲ್ಲಿ ಭಾರತದ ಧ್ವಜವೇನೋ ಇದ್ದಿತು. ಆದರೆ ಅದನ್ನು ಒತ್ತಿದ ಮೇಲೆ ಚಲನಚಿತ್ರದ ತಾಣವು ವಿಪಿಎನ್ ನಿಲ್ಲಿಸಿ ಬರಬೇಕೆಂದು ಆಜ್ಞಾಪಿಸಿತು, ಬ್ಯಾಂಕಿನ ತಾಣವು ಲಾಗಿನ್ ಆಗುವುದಕ್ಕೇ ಬಿಡಲಿಲ್ಲ, ಹಣ ಹಿಂದಿರುಗಿಸುವ 30 ದಿನಗಳ ಭರವಸೆಯಾದರೋ ಪಾವತಿಯ ದಿನದಿಂದ ಎಣಿಸತಕ್ಕದ್ದಾದ್ದರಿಂದ ಪ್ರಯಾಣದ ಸಿದ್ಧತೆಯಲ್ಲಿಯೇ ತೀರಿಹೋಗಿದ್ದಿತು.

ಆ ಧ್ವಜದ ಹಿಂದೆ ಇದ್ದುದು ಭಾರತದ ಸರ್ವರ್ ಅಲ್ಲ; ಅದಕ್ಕೆ ಕಾರಣವುಂಟು. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನವು, ವಿಪಿಎನ್ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿ ವಿಳಾಸ, ಸೇವೆ ಪಡೆದ ಉದ್ದೇಶ ಮುಂತಾದ ವಿವರಗಳನ್ನು 5 ವರ್ಷಗಳ ಕಾಲ ಕಾಪಾಡಬೇಕೆಂದು ವಿಧಿಸಿದ್ದರಿಂದ, ಗೋಪ್ಯತೆಯನ್ನೇ ಮಾರುತ್ತಿದ್ದ ದೊಡ್ಡ ಸಂಸ್ಥೆಗಳಲ್ಲಿ ಹಲವು ಇಲ್ಲಿದ್ದ ಸರ್ವರುಗಳನ್ನು ತೆಗೆದು, ಸಿಂಗಾಪುರದಲ್ಲೋ ಲಂಡನ್ನಿನಲ್ಲೋ ಇರುವ ಯಂತ್ರಕ್ಕೆ ಭಾರತದ ವಿಳಾಸವನ್ನು ತೊಡಿಸಿದುವು.

ಬೆಲೆಯ ವಿಷಯ ಬೇಗ ಹೇಳಿ ಮುಗಿಸಬಹುದು. ದೊಡ್ಡಕ್ಷರದಲ್ಲಿ ಕಾಣುವ ಮಾಸಿಕ ದರ ಮೊದಲ ಅವಧಿಯದು. ನವೀಕರಣದಲ್ಲಿ ಅದು ಎಷ್ಟೋ ಕಡೆ ದುಪ್ಪಟ್ಟನ್ನೂ ಮೀರುತ್ತದೆ. ಡಾಲರಿನಲ್ಲಿ ಕೊಟ್ಟರೆ ಕಾರ್ಡಿನವರ ವಿನಿಮಯ ಶುಲ್ಕ ಬೇರೆ. ತಾನಾಗಿ ಹಣ ಕಡಿತವಾಗುವ ಮುನ್ನ, 24 ಗಂಟೆ ಮೊದಲಾದರೂ ಬ್ಯಾಂಕು ಸೂಚನೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಎಸ್ಸೆಮ್ಮೆಸ್ಸನ್ನು ಅಲಕ್ಷಿಸಬೇಡಿ.

ಯಾವುದು ಉತ್ತಮವೆಂದು ತಿಳಿಸುವ ತುಲನಾಪಟ್ಟಿಗಳನ್ನು ಓದುವವರು ಒಡೆತನವನ್ನು ಮೊದಲು ವಿಚಾರಿಸುವುದು ಲೇಸು. ಹಿಂದೆ ಕ್ರಾಸ್‌ರೈಡರ್ ಎಂದಿದ್ದ ಕೇಪ್ ಟೆಕ್ನಾಲಜೀಸ್ ಎಂಬ ಕಂಪನಿಯು, 2017ರಲ್ಲಿ ಸೈಬರ್‌ಘೋಸ್ಟ್ ಎಂಬ ವಿಪಿಎನ್ ಸೇವೆಯನ್ನೂ, 2021ರಲ್ಲಿ 93.6 ಕೋಟಿ ಡಾಲರುಗಳಿಗೆ ಎಕ್ಸ್‌ಪ್ರೆಸ್‌ವಿಪಿಎನ್ನನ್ನೂ ಕೊಂಡುದಲ್ಲದೆ, ಆ 2021ರಲ್ಲಿಯೇ ವಿಪಿಎನ್‌ಗಳ ವಿಮರ್ಶೆ ಪ್ರಕಟಿಸುವ ತಾಣಗಳ ಒಡೆಯ ಕಂಪನಿಯನ್ನೂ ಕೊಂಡುಕೊಂಡಿತು. ಕನ್ಯೆಯ ಗುಣವನ್ನು ಆಕೆಯ ಸೋದರಮಾವನನ್ನೇ ಕೇಳಿ ತಿಳಿದಂತಾಯಿತು!

ಮಾತಿಗಿಂತ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಸ್ವೀಡನ್ನಿನ ಮಲ್ವಾಡ್ ಎಂಬ ವಿಪಿಎನ್ ಸಂಸ್ಥೆಯ ಕಚೇರಿಗೆ 2023ರ ಏಪ್ರಿಲಿನಲ್ಲಿ ಪೊಲೀಸರು ಶೋಧನಾ ವಾರಂಟಿನೊಡನೆ ಬಂದು, ಒಯ್ಯತಕ್ಕ ಗ್ರಾಹಕರ ವಿವರಗಳೇ ಅಲ್ಲಿಲ್ಲವೆಂದು ಮನಗಂಡು ಬರಿಗೈಯಲ್ಲಿ ಮರಳಿದರು. ಅದರ ದರ ತಿಂಗಳಿಗೆ 5 ಯೂರೋ. ವರ್ಷಕ್ಕೆ ಕೊಂಡರೂ ರಿಯಾಯಿತಿಯಿಲ್ಲ. ಅಗ್ಗವಲ್ಲ, ನಿಜ, ಆದರೆ ಬೇಡವಾದಾಗ ಬಿಡುವ ಸ್ವಾತಂತ್ರ್ಯ ಆ ಬೆಲೆಯೊಳಗೇ ಸೇರಿದೆ.

ಇಷ್ಟಾದರೂ ಹೋಟೆಲಿನ ವೈಫೈ ಭಯಕ್ಕಾಗಿ ಮಾತ್ರ ವಿಪಿಎನ್ ಬಯಸುವವರು ಎರಡು ಬಾರಿ ಯೋಚಿಸಲಿ: ಬ್ಯಾಂಕಿನ ಪುಟವು ಎಚ್‌ಟಿಟಿಪಿಎಸ್‌ನಿಂದ ಮೊದಲೇ ಗೂಢಲಿಪಿಯಲ್ಲಿ ಸಾಗುತ್ತದೆ, ವಿಪಿಎನ್ ಮಾಡುವುದೆಲ್ಲ, ಇಂಟರ್ನೆಟ್ ಕೊಡುವವನ ಮೇಲಿನ ನಂಬಿಕೆಯನ್ನು ಮತ್ತೊಬ್ಬನಿಗೆ ವರ್ಗಾಯಿಸುವುದು. ಆಗೀಗ ಬೇಕೆನ್ನುವವರಿಗೆ ಪ್ರೋಟಾನ್ ಸಂಸ್ಥೆಯ ಉಚಿತ ವಿಪಿಎನ್ ಸೇವೆಯಿದೆ. ಅದಕ್ಕೆ ಡೇಟಾ ಮಿತಿಯಿಲ್ಲ. ಪರದೇಶದಿಂದ ಸ್ವದೇಶದ ತಾಣ ತೆರೆಯಬೇಕಾದವರು ತಮ್ಮ ಊರಿನ ಸಿಮ್ಮಿಗೆ ಒಂದು ದಿನದ ರೋಮಿಂಗ್ ಪ್ಯಾಕ್ ಹಾಕಿಸಿ ನೋಡಲಿ; ಆ ದತ್ತಾಂಶವು ಸಾಮಾನ್ಯವಾಗಿ ಭಾರತದ ಜಾಲದ ಮೂಲಕವೇ ಹೊರಬೀಳುವುದರಿಂದ ವಿಳಾಸವೂ ಭಾರತದ್ದೇ ಆಗಿರುತ್ತದೆ, ಬ್ಯಾಂಕಿನ ಒಟಿಪಿಯೂ ಅದೇ ಸಿಮ್ಮಿಗೆ ಬರುತ್ತದೆ.